ಮೂವತ್ತೊಂದನೆಯ ಪುಟದ ಗೆರೆಗಳು

ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿಯಲ್ಲಿ, ಸೇಂಟ್ ಜಾನ್ ನದಿಯ ದಂಡೆಯ ಲಾ ಪ್ಲೆನ್ ಎಂಬ ಊರಿನಲ್ಲಿ, ಓದಲು ಏನಾದರೂ ಬೇಕೆನಿಸಿದವರು ಪುಸ್ತಕ ಹುಡುಕುವುದಿಲ್ಲ, ಲೊರೆಟ್ ಸೀರ್‌ಳನ್ನು ಹುಡುಕುತ್ತಾರೆ. ಮೂವತ್ತೆಂಟು ವರ್ಷದಿಂದ ಊರ ಗ್ರಂಥಾಲಯ ನಡೆಸುತ್ತಿರುವವಳು ಅವಳೇ. ಚಿಕ್ಕವರಿಗೆಲ್ಲ ಅವಳು ‘ಮತಾಂತ್’, ಎಂದರೆ ಅಲ್ಲಿನ ಫ್ರೆಂಚಿನಲ್ಲಿ ಅತ್ತೆ. ಅತ್ತೆ ಎಂದ ಮೇಲೆ ಬೈಗುಳವೂ ಇರಲೇಬೇಕಲ್ಲ, ಅದಕ್ಕೇನೂ ಕೊರತೆಯಿರಲಿಲ್ಲ.

ಒಳಗೆ ಕಾಲಿಟ್ಟವರನ್ನು ಅವಳು ಮೊದಲು ಕೈ ತೊಳೆಯಲು ಅಟ್ಟುತ್ತಿದ್ದಳು. ತಾನೂ ದಿನಕ್ಕೆ ಹತ್ತು ಸಲ ತೊಳೆಯುತ್ತಿದ್ದಳು. ಆಮೇಲೆ ಎದುರಿಗೆ ನಿಲ್ಲಿಸಿಕೊಂಡು, ಯಾವ ಪುಸ್ತಕ ಇಷ್ಟ ಎಂದು ಅಪ್ಪಿತಪ್ಪಿಯೂ ಕೇಳುತ್ತಿರಲಿಲ್ಲ. ಜನ ಆ ಪ್ರಶ್ನೆಗೆ ಸುಳ್ಳು ಹೇಳುತ್ತಾರೆ ಎಂದು ಅವಳ ನಂಬಿಕೆ. ರಾತ್ರಿ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಯಾರ ಮೇಲೆ ಕೋಪ, ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಇಷ್ಟೇ ವಿಚಾರಣೆ. ಅಷ್ಟಕ್ಕೇ ಕಪಾಟಿನ ಕಡೆ ನಡೆದು, ಕೈಯಳತೆಯಲ್ಲಿ ಒಂದನ್ನು ಎಳೆದು ತರುತ್ತಿದ್ದಳು. ನಲವತ್ತು ಪುಟ ಓದಿ, ಹಿಡಿಸದಿದ್ದರೆ ತಂದು ನನ್ನ ತಲೆಗೆ ಹೊಡಿ ಎನ್ನುತ್ತಿದ್ದಳು. ಹೊಡೆದವರು ಯಾರೂ ಇಲ್ಲ. ಗಂಡ ಬಿಟ್ಟುಹೋದ ಹೊಸದರಲ್ಲಿ ಅಂಚೆ ಕಚೇರಿಯ ಹೆಂಗಸಿಗೆ ಅವಳು ಕೊಟ್ಟದ್ದು ಸಮಾಧಾನದ ಪುಸ್ತಕವಲ್ಲ, ದೋಣಿ ಕಟ್ಟುವ ಪುಸ್ತಕ. ಆ ಹೆಂಗಸು ನಿಜಕ್ಕೂ ದೋಣಿ ಕಟ್ಟಿದಳು. ಈಗಲೂ ನದಿಯಲ್ಲಿ ಅದರಲ್ಲೇ ಓಡಾಡುತ್ತಾಳೆ.

ಇಂಥವಳಿಗೆ ಒಂದೇ ಒಂದು ತಲೆನೋವಿತ್ತು. ಊರಿನ ಮುದುಕಿಯರು ವಾರಕ್ಕೆ ನಾಲ್ಕು ಕಾದಂಬರಿ ನುಂಗುವವರು. ಯಾವುದು ಓದಿದ್ದು, ಯಾವುದು ಬಿಟ್ಟಿದ್ದು ಎಂದು ನೆನಪಿಟ್ಟುಕೊಳ್ಳಲು ಅವರೆಲ್ಲ ಮೂವತ್ತೊಂದನೆಯ ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಿದ್ದರು. ಒಬ್ಬಳದು ನಕ್ಷತ್ರ, ಒಬ್ಬಳದು ಶಿಲುಬೆ, ಒಬ್ಬಳದು ಸೊನ್ನೆ, ಒಬ್ಬಳದು ಬರೀ ಗೆರೆ. ಊರ ಸ್ವತ್ತಿನ ಮೇಲೆ ಗೀಚುವುದೆಂದರೆ ಲೊರೆಟ್‌ಗೆ ಮೈಯೆಲ್ಲ ಉರಿ. ಹಿಂತಿರುಗಿ ಬಂದ ಪ್ರತಿ ಪುಸ್ತಕದ ಮೂವತ್ತೊಂದನೆಯ ಪುಟ ತೆರೆದು, ಗುಲಾಬಿ ರಬ್ಬರಿನಿಂದ ಉಜ್ಜಿ, ಊದಿ, ಕಪಾಟಿಗೆ ಸೇರಿಸುತ್ತಿದ್ದಳು. ಹೀಗಾಗಿ ಮುದುಕಿಯರು ಒಂದೇ ಕೊಲೆಯನ್ನು ಎರಡೆರಡು ಸಲ ಓದಿ ಅವಳ ಮೇಲೆ ಜಗಳಕ್ಕೆ ಬರುತ್ತಿದ್ದರು. ಅವಳು ಬಗ್ಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಫೆಬ್ರವರಿಯ ಒಂದು ಮಧ್ಯಾಹ್ನ ರೇಯಾಲ್ ಡೇಗಲ್ ಬಂದ. ಲೊರೆಟ್‌ಳ ಜೊತೆ ಶಾಲೆಯಲ್ಲಿ ಕಲಿತವನು, ನಲವತ್ತು ವರ್ಷ ಆಲೂಗಡ್ಡೆ ಲಾರಿ ಓಡಿಸಿದವನು, ಗ್ರಂಥಾಲಯದ ಹೊಸ್ತಿಲು ಎಂದೂ ತುಳಿಯದವನು. ಅವನ ಹೆಂಡತಿ ಜೆರಾಲ್ಡಾ ಮಾತ್ರ ಪ್ರತಿ ಗುರುವಾರ ತಪ್ಪದವಳು. ಕ್ರಿಸ್ಮಸ್ ಕಳೆದ ವಾರವೇ ಅವಳಿಗೆ ಲಕ್ವ ಹೊಡೆದಿತ್ತು. ಬಲಗಡೆ ಬಿದ್ದುಹೋಗಿ, ಮಾತು ನಿಂತಿತ್ತು. ಕಿವಿ ಕೇಳುತ್ತದೆ, ಬುದ್ಧಿ ನೆಟ್ಟಗಿದೆ, ಅಕ್ಷರ ಮಾತ್ರ ಕೂಡುತ್ತಿಲ್ಲ. ಓದಿ ಹೇಳು, ಮನಸ್ಸು ಎಚ್ಚರವಾಗಿದ್ದರೆ ಮೈಯೂ ಎದ್ದೀತು ಎಂದು ವೈದ್ಯರು ಹೇಳಿದ್ದರಂತೆ. ಮಗಳು ತಂದ ಮೂರು ಪುಸ್ತಕ ಓದಿದ್ದಾಯಿತು, ಮೂರಕ್ಕೂ ಜೆರಾಲ್ಡಾ ಗೋಡೆಗೆ ಮುಖ ತಿರುಗಿಸಿದಳು. ಈಗ ಊಟಕ್ಕೂ ತಿರುಗಿಸುತ್ತಿದ್ದಾಳೆ.

“ಅವಳು ಬದುಕೋ ಆಸೇನೇ ಬಿಟ್ಟುಬಿಟ್ಟಿದಾಳೆ ಲೊರೆಟ್, ನಂಗೆ ಭಯ ಆಗ್ತಿದೆ. ಅವಳಿಗಿಷ್ಟ ಆಗಿದ್ದು ಯಾವ್ದಾದ್ರೂ ಒಂದು ತೆಗೆದುಕೊಡು.”

ಲೊರೆಟ್‌ಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಿತು. ಮೂವತ್ತು ವರ್ಷ ಜೆರಾಲ್ಡಾಳಿಗೆ ಪುಸ್ತಕ ಆರಿಸಿಕೊಟ್ಟವಳು ತಾನೇ ತಾನೆ. ತಣ್ಣಗಿನ, ತಲೆ ತಗ್ಗಿಸಿ ನಡೆಯುವ ಹೆಂಗಸು. ಅಂಥವಳಿಗೆಂದೇ ಗಂಭೀರವಾದವು, ಕೊನೆಯಲ್ಲಿ ಯಾರಾದರೂ ಸಾಯುವಂಥವು, ಆರಿಸಿ ಆರಿಸಿ ಕೊಟ್ಟಿದ್ದಳು. ಅವುಗಳಲ್ಲಿ ಐದನ್ನು ಕಟ್ಟಿಕೊಟ್ಟಳು. ವಾರ ಕಳೆದ ಮೇಲೆ ರೇಯಾಲ್ ಐದನ್ನೂ ಮೇಜಿನ ಮೇಲಿಟ್ಟು ಇಲ್ಲವೆಂದು ತಲೆಯಾಡಿಸಿದ.

ಅದು ಹೇಗೆ ಸಾಧ್ಯ ಎಂದು ಲೊರೆಟ್ ಸಿಡುಕಿದಳು. ಪ್ರತಿ ಸಲ ಚೆನ್ನಾಗಿತ್ತು ಎಂದಿದ್ದಳಲ್ಲ ಜೆರಾಲ್ಡಾ?

“ಚೆನ್ನಾಗಿತ್ತು ಅಂತ ಅವಳು ಎಲ್ಲದಕ್ಕೂ ಅಂತಾಳೆ, ನನ್ನ ಅಡುಗೆಗೂ ಅಂತಾಳೆ,” ಎಂದ ರೇಯಾಲ್. “ನಿಜ ಏನು ಅಂತ ಗುರುತು ಹಾಕ್ತಿದ್ಲಲ್ಲ, ಅದ್ರಲ್ಲಿದೆ. ಒಂದು ಗೆರೆ ಅಂದ್ರೆ ಓದಾಯ್ತು. ಎರಡು ಅಂದ್ರೆ ಪರವಾಗಿಲ್ಲ. ಮೂರು ಅಂದ್ರೆ ಸಾಯೋದ್ರೊಳಗೆ ಇನ್ನೊಂದ್ಸಲ ಓದ್ಬೇಕು. ಮೂರು ಗೆರೇದು ಒಂದು ಹುಡುಕಿಕೊಡು, ಸಾಕು.”

ಲೊರೆಟ್‌ಳ ಕಣ್ಣು ಮೇಜಿನ ಮೇಲಿನ ಗುಲಾಬಿ ರಬ್ಬರಿನ ಕಡೆ ಹೋಯಿತು. ಯಾರು ಏನು ಓದಿದರು ಎಂಬ ಲೆಕ್ಕ ಗ್ರಂಥಾಲಯದಲ್ಲಿ ಇಡುವುದಿಲ್ಲ. ಪುಸ್ತಕ ವಾಪಸಾದ ಕ್ಷಣವೇ ಕಂಪ್ಯೂಟರಿನಿಂದ ಹೆಸರು ಹೋಗುತ್ತದೆ. ಓದುವವರ ಗುಟ್ಟು ಅವರದು ಎಂದು ಆ ನಿಯಮವನ್ನು ಅವಳೇ ಎಲ್ಲರಿಗಿಂತ ಹೆಚ್ಚು ಎತ್ತಿ ಹಿಡಿದಿದ್ದಳು. ಉಳಿದದ್ದು ಆ ಗೆರೆಗಳು ಮಾತ್ರ, ಅವನ್ನು ತನ್ನ ಕೈಯಾರೆ ಉಜ್ಜಿ ಹಾಕಿದ್ದಾಳೆ. ಬೇರೆ ಯಾರಾದರೂ ಆಗಿದ್ದರೆ ಏನೋ ಒಂದು ನೆಪ ಹೇಳುತ್ತಿದ್ದರು. ಲೊರೆಟ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು.

“ಅಳಿಸಿದೀನಿ ರೇಯಾಲ್. ಎಲ್ಲಾನೂ ನಾನೇ ಅಳಿಸಿದೀನಿ.”

ರೇಯಾಲ್ ಬೈಯಲಿಲ್ಲ. ಟೋಪಿ ಹಾಕಿಕೊಂಡು ಹೊರಟ. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಲೊರೆಟ್ ಬಾಗಿಲು ತೆರೆಯುವ ಹೊತ್ತಿಗಿಂತ ಎರಡು ತಾಸು ಮೊದಲೇ ಬಂದಳು. ಪೂರ್ವದ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಮೊದಲ ಕಪಾಟಿನ ಮೊದಲ ಕಾದಂಬರಿಯ ಮೂವತ್ತೊಂದನೆಯ ಪುಟ ತೆರೆದು, ಓರೆ ಬಿಸಿಲಿಗೆ ಹಿಡಿದಳು. ಪೆನ್ಸಿಲ್ಲಿನ ಕಪ್ಪು ಹೋಗಿರಬಹುದು, ಒತ್ತಿದ ಜಾಗದಲ್ಲಿ ಕಾಗದ ತಗ್ಗಿರುತ್ತದೆ. ಬಿಸಿಲು ಓರೆಯಾಗಿ ಬಿದ್ದರೆ ಆ ತಗ್ಗಿನಲ್ಲಿ ಸಣ್ಣ ನೆರಳು. ಕಾಣದ ಕಡೆ ಬೆರಳ ತುದಿಯಿಂದ ಸವರಿ ನೋಡಿದಳು. ಮೂರು ಸಾವಿರ ಕಾದಂಬರಿಗಳು. ಎಪ್ಪತ್ತೊಂದು ವರ್ಷದ ಕಣ್ಣು. ಹನ್ನೊಂದು ಬೆಳಗು ಹಾಗೆ ಕೂತಳು ಆ ಹೆಂಗಸು, ಯಾರಿಗೂ ಹೇಳದೆ, ಯಾರ ಸಹಾಯವನ್ನೂ ಕೇಳದೆ.

ಸಿಕ್ಕಿದ್ದು ಅವಳ ಹೆಮ್ಮೆಗೆ ಒಳ್ಳೆಯ ಮದ್ದು. ತಾನು ಆರಿಸಿಕೊಟ್ಟದ್ದಕ್ಕೆಲ್ಲ ಜೆರಾಲ್ಡಾಳ ಒಂದೊಂದೇ ಗೆರೆ. ಅಲ್ಲೊಂದು ಇಲ್ಲೊಂದು ಎರಡು. ಹನ್ನೊಂದನೆಯ ಬೆಳಿಗ್ಗೆ, ಆರು ವರ್ಷದಿಂದ ಯಾರೂ ಒಯ್ಯದ್ದಕ್ಕೆ ತೆಗೆದುಹಾಕಲೆಂದು ಪಕ್ಕಕ್ಕಿಟ್ಟ ರಾಶಿಯಲ್ಲಿ, ಬೆನ್ನು ಕಿತ್ತ ತೆಳ್ಳನೆಯ ಪುಸ್ತಕವೊಂದರಲ್ಲಿ ಅವಳ ಬೆರಳಿಗೆ ಮೂರು ಗೆರೆ ತಾಗಿದವು. ಅಕ್ಕಪಕ್ಕದ ಮನೆಯ ಇಬ್ಬರು ಮುದುಕಿಯರು ಒಂದು ಹಂದಿಗಾಗಿ ನಲವತ್ತು ವರ್ಷ ಜಗಳವಾಡುವ ಕತೆ. ಸಾವಿಲ್ಲ, ನೋವಿಲ್ಲ, ಬರೀ ತಮಾಷೆ. ಇಂಥದ್ದನ್ನು ಲೊರೆಟ್ ಎಂದೂ ಯಾರಿಗೂ ಕೊಟ್ಟವಳಲ್ಲ, ಜೆರಾಲ್ಡಾ ಎಂದೋ ತಾನೇ ಕಪಾಟಿನಿಂದ ಎತ್ತಿಕೊಂಡಿರಬೇಕು. ಮೂವತ್ತು ವರ್ಷ ಎದುರಿಗೆ ನಿಂತಿದ್ದವಳು ನಗುವುದಕ್ಕೆ ಹಸಿದಿದ್ದಳು, ತಾನು ಅವಳಿಗೆ ಹೆಣಗಳನ್ನು ಬಡಿಸಿದ್ದೆ ಎಂದು ತಿಳಿದಾಗ ಲೊರೆಟ್‌ಗೆ ನಾಚಿಕೆಯಾಯಿತು, ಕಣ್ಣು ತುಂಬಿತು.

ಪುಸ್ತಕವನ್ನು ತಾನೇ ಒಯ್ದಳು. ಜೆರಾಲ್ಡಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ರೇಯಾಲ್ ಕನ್ನಡಕ ಏರಿಸಿಕೊಂಡು, ಲಾರಿಯನ್ನು ಹಳ್ಳದ ರಸ್ತೆಯಲ್ಲಿ ಓಡಿಸಿದ ಹಾಗೆ ಎಡವುತ್ತ ಓದತೊಡಗಿದ. ಎರಡನೆಯ ಪುಟದಲ್ಲಿ ಹಂದಿ ಬೇಲಿ ಹಾರಿತು. ಮೂರನೆಯದರಲ್ಲಿ ಪಾದ್ರಿಯ ಅಂಗಿ ತಿಂದಿತು. ಗೋಡೆಯ ಕಡೆಯಿಂದ ಗಂಟಲು ಕೆರೆದಂಥ ಸದ್ದು ಬಂತು. ರೇಯಾಲ್ ಹೆದರಿ ಓದು ನಿಲ್ಲಿಸಿದ. ಜೆರಾಲ್ಡಾ ನಿಧಾನವಾಗಿ ಇತ್ತ ತಿರುಗಿದಳು. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು, ಕಣ್ಣಲ್ಲಿ ನೀರಿತ್ತು, ಅವಳು ನಗುತ್ತಿದ್ದಳು. ಓದು ಎಂದು ಎಡಗೈಯಿಂದ ಸನ್ನೆ ಮಾಡಿದಳು. ಆ ಮಧ್ಯಾಹ್ನ ಒಂದು ಬಟ್ಟಲು ಸೂಪು ಪೂರ್ತಿ ಕುಡಿದಳು.

ಹೊರಡುವ ಮುನ್ನ ಲೊರೆಟ್ ಹಾಸಿಗೆಯ ಪಕ್ಕ ಕೂತು, ಮೆಲ್ಲಗೆ ಕೇಳಿದಳು, “ಇಷ್ಟು ವರ್ಷ ನಾನು ಕೊಟ್ಟಿದ್ದೆಲ್ಲ?”

ಜೆರಾಲ್ಡಾ ಸ್ವಲ್ಪ ಯೋಚಿಸಿ ಒಂದು ಬೆರಳು ಎತ್ತಿದಳು. ರೇಯಾಲ್ ಮುಖ ಆಚೆ ತಿರುಗಿಸಿ ನಕ್ಕ. ಲೊರೆಟ್ ಸರಿ ಎಂದು ತಲೆಯಾಡಿಸಿ ಏಳಹೋದಳು. ಜೆರಾಲ್ಡಾ ಅವಳ ಕೈ ಹಿಡಿದೆಳೆದಳು. ಅಂಗೈ ಬಿಡಿಸಿ, ಉಗುರಿನಿಂದ ಒಂದು ಗೆರೆ ಎಳೆದಳು. ಇನ್ನೊಂದು ಎಳೆದಳು. ಸ್ವಲ್ಪ ತಡೆದು, ಒತ್ತಿ, ಮೂರನೆಯದನ್ನೂ ಎಳೆದಳು.

ಆ ಸಂಜೆ ಲೊರೆಟ್ ಮನೆಗೆ ಬಂದು, ಕೈ ತೊಳೆಯದೆ ಊಟಕ್ಕೆ ಕೂತಳು.