ರುದ್ರಾಣಮ್ಮ ಕಳಸಕ್ಕೆ ಹೊರಟಿದ್ದು

ಮೂಡಿಗೆರೆ ಪೇಟೆಯ ದಿನಸಿ ವ್ಯಾಪಾರಿ ಓಂಕಾರಪ್ಪನವರ ಹೆಂಡತಿ ರುದ್ರಾಣಮ್ಮ ಕಂಡ ಊರುಗಳು ಬೆರಳೆಣಿಕೆಯಷ್ಟು. ಹುಟ್ಟಿದ್ದು ತರೀಕೆರೆ ಕಡೆ, ಮದುವೆಯಾಗಿ ಬಂದದ್ದು ಮೂಡಿಗೆರೆಗೆ, ಮಗಳ ಬಾಣಂತನಕ್ಕೆ ಹೋದದ್ದು ಚಿಕ್ಕಮಗಳೂರಿಗೆ. ಅಲ್ಲಿಗೆ ಮುಗಿಯಿತು. ಆದರೆ ಒಮ್ಮೆಯೂ ಕಾಲಿಡದ ಕಳಸದ ದಾರಿ ಮಾತ್ರ ಅವರಿಗೆ ಬಾಯಿಪಾಠವಾಗಿತ್ತು. ಪಾಠ ಹೇಳಿಕೊಟ್ಟವರು ಗಂಡನೇ, ಪಾಪ, ತಮಗೆ ಗೊತ್ತಿಲ್ಲದೆ.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಕಾಲ. ಕಳಸಕ್ಕೆ ಬಸ್ಸಿರಲಿಲ್ಲ. ಓಂಕಾರಪ್ಪನವರಿಗೆ ಕಳಸ, ಅಲ್ಲಿಂದ ಶೃಂಗೇರಿ, ಅಲ್ಲಿಂದ ಘಟ್ಟ ಇಳಿದು ಸಮುದ್ರದವರೆಗೂ ನಡೆದೇ ಹೋಗಬೇಕೆಂಬ ಹುಚ್ಚು. "ಇಡೀ ದಾರಿ ಒಂದೇ ಸಲಕ್ಕೆ ಆಗೋ ಮಾತಲ್ಲ ಮಾರಾಯ, ವರ್ಷಕ್ಕೊಂದು ತುಂಡು ಮುಗಿಸ್ಬೇಕು. ಈ ಸಲ ಕಳಸದವರೆಗೆ" ಎಂದು ಗಿರಾಕಿಗಳನ್ನು ಕೂರಿಸಿಕೊಂಡು ಅಂಗಡಿಯ ಜಗಲಿಯ ಮೇಲೆ ಹುಣಸೆಬೀಜ ಜೋಡಿಸುತ್ತಿದ್ದರು. ಈ ಬೀಜ ಬಣಕಲ್, ಅದು ಕೊಟ್ಟಿಗೆಹಾರ, ಅಲ್ಲಿ ಮೊದಲ ರಾತ್ರಿಯ ತಂಗು. ಜಾವಳಿ ದಾಟಿ ಎರಡನೆಯದು. ಎಲ್ಲಿ ನೀರು ಸಿಹಿ, ಯಾರ ಕೊಟ್ಟಿಗೆಯಲ್ಲಿ ಮಲಗಲು ಬಿಡುತ್ತಾರೆ, ಹುರಿಹಿಟ್ಟು ಎಷ್ಟು ಬೇಕು, ಎಲ್ಲ ಅಲ್ಲೇ ತೀರ್ಮಾನ. ಸಂಜೆ ದೀಪ ಹಚ್ಚುವ ಹೊತ್ತಿಗೆ ರುದ್ರಾಣಮ್ಮ ಬಂದು ಕಳಸ ಶೃಂಗೇರಿಗಳನ್ನೆಲ್ಲ ಪೊರಕೆಯಿಂದ ಗುಡಿಸಿ ಮೊರಕ್ಕೆ ತುಂಬಿಕೊಳ್ಳುತ್ತಿದ್ದರು.

ಹೀಗೆ ಎಷ್ಟೋ ವರ್ಷ ನಡೆಯಿತು, ದಾರಿಯಲ್ಲ, ಮಾತು. ಒಂದು ವರ್ಷ ತೋಟದವರ ಲೆಕ್ಕ ಚುಕ್ತಾ ಆಗಿರಲಿಲ್ಲ. ಒಂದು ವರ್ಷ ಬೇಗ ಮಳೆ ಹಿಡಿಯಿತು. ಹೋದ ವರ್ಷ ಹೊರಡುವ ಹಿಂದಿನ ದಿನ ಓಂಕಾರಪ್ಪನವರಿಗೆ ನೆಗಡಿ. ಆ ನೆಗಡಿ ಎಷ್ಟು ಒಳ್ಳೆಯದೆಂದರೆ, ಪ್ರಯಾಣ ರದ್ದಾದ ಮಾರನೆಯ ದಿನವೇ ವಾಸಿಯಾಯಿತು.

ರುದ್ರಾಣಮ್ಮ ನಗುತ್ತಾ ಸುಮ್ಮನಿದ್ದುಬಿಡುತ್ತಿದ್ದರೋ ಏನೋ. ಆದರೆ ಕಳಸದಲ್ಲಿ ಅವರ ಅಕ್ಕ ಸಿದ್ದಗಂಗಮ್ಮ ಇದ್ದರು. ತಾಯಿ ಸತ್ತ ಮೇಲೆ ಇವರನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಇಬ್ಬರೂ ಮುಖ ನೋಡಿ ಹತ್ತು ವರ್ಷದ ಮೇಲಾಗಿತ್ತು. ಆ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ, ಎತ್ತುಗಳ ಮೇಲೆ ಹೇರು ಹಾಕಿಕೊಂಡು ಆ ಕಡೆಗೂ ಈ ಕಡೆಗೂ ತಿರುಗುವ ಲಕ್ಕಯ್ಯ ಅಂಗಡಿಗೆ ಬಂದವನು ಸುದ್ದಿ ಹೇಳಿದ. "ಅಮ್ಮೋರೆ, ನಿಮ್ಮಕ್ಕೋರಿಗೆ ಕಣ್ಣು ಮಂಜಾಗ್ತಾ ಬಂದೈತೆ. ಮಳೆಗಾಲ ಬರೋ ಹೊತ್ತಿಗೆ ಪೂರ್ತಿ ಹೋಗ್ತದೆ ಅಂತ ಪಂಡಿತ್ರು ಹೇಳವ್ರಂತೆ. ತಂಗಿ ಮುಖ ಒಂದ್ಸಲ ನೋಡ್ಬೇಕು ಅಂತಿದ್ರು."

ಅಂದು ರುದ್ರಾಣಮ್ಮ ಜಗಲಿ ಗುಡಿಸಲಿಲ್ಲ. "ರೀ, ಈ ಸಲ ಹೋಗ್ಲೇಬೇಕು" ಎಂದರು. ಓಂಕಾರಪ್ಪನವರೂ ಮನಸ್ಸಿನಿಂದಲೇ ಒಪ್ಪಿದರು, ಆ ಮನುಷ್ಯ ಸುಳ್ಳುಗಾರರಲ್ಲ. ಮಠದ ಅಯ್ಯನವರನ್ನು ಕೇಳಿ ಗಳಿಗೆ ಇಡಿಸಿದರು. ಸೋಮವಾರ ಬೆಳಿಗ್ಗೆ ಒಳ್ಳೆಯದಿತ್ತು, ಆದರೆ ಲಕ್ಕಯ್ಯನ ಎತ್ತು ಹೊರಡುವುದು ಗುರುವಾರ. ಅದಕ್ಕೇನು, ಪ್ರಸ್ಥಾನ ಇಟ್ಟರಾಯಿತು. ಒಳ್ಳೆಯ ಗಳಿಗೆಯಲ್ಲಿ ಬಟ್ಟೆಯ ಗಂಟನ್ನು ಮನೆಯಿಂದ ಹೊರಡಿಸಿ ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಹೊರಟಂತೆಯೇ. ಗಂಟು ಎದುರುಮನೆಯ ಸರ್ವಮಂಗಳಕ್ಕನ ನಡುಮನೆ ಸೇರಿತು. ಹಾಗೆ ಹೊರಟ ಗಂಟು ಊರು ನೋಡದೆ ಮನೆಗೆ ಮರಳುವಂತಿಲ್ಲ, ಮರಳಿದರೆ ಕೇಡು.

ಬುಧವಾರ ಸಂತೆಗೆ ಬಂದವರು ಯಾರೋ ಜಾವಳಿ ಹತ್ತಿರ ಹುಲಿ ದನ ಹಿಡಿಯಿತೆಂದರು. ಓಂಕಾರಪ್ಪನವರು ರಾತ್ರಿಯ ಊಟ ಅರ್ಧಕ್ಕೇ ಬಿಟ್ಟರು. ಗುರುವಾರ ಬೆಳಿಗ್ಗೆ ಅವರ ಮುಖ ನೋಡಿದ ಕೂಡಲೇ ರುದ್ರಾಣಮ್ಮನಿಗೆ ತಿಳಿಯಿತು.

"ಗಂಟು ತರಿಸ್ಬಿಡೇ. ಮುಂದಿನ ತಿಂಗ್ಳು ಇನ್ನೊಂದು ಗಳಿಗೆ ಕೇಳೋಣ."

"ಅಕ್ಕನ ಕಣ್ಣು ಗಳಿಗೆ ಕೇಳ್ಕೊಂಡು ಹೋಗ್ತದಾ?"

ಇಷ್ಟು ಹೇಳುವಾಗಲೇ ರುದ್ರಾಣಮ್ಮನಿಗೆ ಸಿಟ್ಟು, ದುಃಖ ಎರಡೂ ಒಟ್ಟಿಗೇ ಬಂದಿದ್ದವು. ಸೆರಗು ಸಿಕ್ಕಿಸಿಕೊಂಡು ನೇರ ಎದುರುಮನೆಗೆ ನಡೆದರು. ಗಂಟು ಕೊಡುತ್ತಾ ಸರ್ವಮಂಗಳಕ್ಕ, "ಎಂತ ಮಾರಾಯ್ತಿ, ಇದನ್ನ ವಾಪಸ್ ಒಯ್ತೀಯಾ?" ಎಂದು ಗಾಬರಿಯಾದರು. "ಇಲ್ಲಕ್ಕ, ಗಂಟು ಹೊರಟಾಗಿದೆ. ಅದರ ಜೊತೆ ಯಾರಾದ್ರೂ ಹೋಗ್ಬೇಕಲ್ಲ" ಎಂದ ರುದ್ರಾಣಮ್ಮ ಮತ್ತೆ ತಮ್ಮ ಹೊಸ್ತಿಲು ತುಳಿಯಲಿಲ್ಲ. ಪೇಟೆಯ ಕೊನೆಯಲ್ಲಿ ಹೇರು ಬಿಗಿಯುತ್ತಿದ್ದ ಲಕ್ಕಯ್ಯನ ಹಿಂದೆ ಹೊರಟೇಬಿಟ್ಟರು.

ಬಣಕಲ್ ಹತ್ತಿರ ಹಿಂದಿನಿಂದ ಏದುಸಿರು ಕೇಳಿತು. ಓಂಕಾರಪ್ಪನವರು! ಅಂಗಡಿಗೆ ಬೀಗ ಹಾಕಿ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕೊಡೆ ಹಿಡಿದು ಓಡಿಬಂದಿದ್ದರು. ಹೆಂಡತಿಯನ್ನು ಮಾತಾಡಿಸುವ ಧೈರ್ಯವಾಗದೆ, "ಲಕ್ಕಯ್ಯ, ಮೆಲ್ಲಗೆ ಹೋಗು ಮಾರಾಯ" ಎಂದರು.

ಕೊಟ್ಟಿಗೆಹಾರ ಕಳೆದು ಕಾಡು ದಟ್ಟವಾಗುತ್ತಿದ್ದಂತೆ ಓಂಕಾರಪ್ಪನವರ ಮಾತು ಜೋರಾಯಿತು. ಒಣಗಿದ ಎಲೆ ಸರಕ್ಕೆಂದರೂ ಎತ್ತಿನ ಹೇರು ಹಿಡಿದುಕೊಳ್ಳುತ್ತಿದ್ದರು. ಅದನ್ನು ಕಂಡು ರುದ್ರಾಣಮ್ಮನಿಗೆ ಎಲ್ಲ ಅರ್ಥವಾಯಿತು. ಆ ನೆಗಡಿ, ಆ ಲೆಕ್ಕ, ಆ ಮಳೆ, ಎಲ್ಲ ಇದೇ. ಬಯಲುಸೀಮೆಯಿಂದ ಬಂದ ಈ ಮನುಷ್ಯನಿಗೆ ಕಾಡೆಂದರೆ ಜೀವ ಬಾಯಿಗೆ ಬರುತ್ತದೆ, ಹೇಳಿಕೊಳ್ಳಲು ನಾಚಿಕೆ. ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಉಳಿದರ್ಧವನ್ನು ಇಟ್ಟುಕೊಂಡೇ ನಡೆದರು.

ಮೂರನೆಯ ದಿನ ಮಧ್ಯಾಹ್ನ ಕಳಸ ತಲುಪಿದರು. ಸಿದ್ದಗಂಗಮ್ಮ ಒಳಗಿನಿಂದ ಗೋಡೆ ತಡವುತ್ತಾ ಬಂದು, "ಇಲ್ಲಿ ಬೇಡ, ಬಿಸಿಲಿಗೆ ಬಾರೇ" ಎಂದು ತಂಗಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋದರು. ಎರಡೂ ಕೈಯಲ್ಲಿ ಮುಖ ಹಿಡಿದು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಬಹಳ ಹೊತ್ತಿನ ಮೇಲೆ ಹೇಳಿದರು:

"ತಲೆ ಬೆಳ್ಳಗಾಗಿರೋದು ಕಾಣ್ತದೆ ಕಣೇ. ಕಣ್ಣು ಮೂಗು ಕಾಣಲ್ಲ. ಹೋದ ವರ್ಷ ಆಗಿದ್ರೆ ಪೂರ್ತಿ ಕಾಣ್ತಿತ್ತು."

ದೂರಿ ಹೇಳಿದ ಮಾತಲ್ಲ ಅದು. ರುದ್ರಾಣಮ್ಮ ಅಕ್ಕನ ಬೆರಳನ್ನು ತಮ್ಮ ಹುಬ್ಬಿನ ಮೇಲೆ, ಮೂಗಿನ ಮೇಲೆ ಆಡಿಸುತ್ತಾ ಅತ್ತರು. ಓಂಕಾರಪ್ಪನವರು ಅಂಗಳದ ಮೂಲೆಯಲ್ಲಿ ನಿಂತವರು ನಿಂತೇ ಇದ್ದರು. ಯಾರೋ ಕೊಟ್ಟ ಬೆಲ್ಲ ನೀರು ಕೈಯಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದರು, "ನೀನು ಇಲ್ಲೇ ಇರೇ. ಚೂರುಪಾರು ಕಾಣೋಷ್ಟು ದಿನ ಆದ್ರೂ ಅಕ್ಕನ ಕಣ್ಮುಂದೆ ಇರು. ನಾನು ನಾಳೆ ಹೊರಡ್ತೀನಿ."

"ಲಕ್ಕಯ್ಯ ಇನ್ನೂ ನಾಲ್ಕು ದಿನ ಹೊರಡಲ್ವಲ್ಲ?"

"ಅಂಗಡಿ ಬೀಗ ಹಾಕಿದೆ. ನಾನೊಬ್ನೇ ಹೋಗ್ತೀನಿ."

ಮಾರನೆಯ ಬೆಳಿಗ್ಗೆ ಅಕ್ಕತಂಗಿಯರು ಬಾಗಿಲಲ್ಲಿ ನಿಂತರು. ಓಂಕಾರಪ್ಪನವರು ಕೊಡೆ ಬಿಗಿಯಾಗಿ ಹಿಡಿದು ಕಾಡಿನ ಕಡೆಗೆ ಏರುತ್ತಿದ್ದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು, ಮತ್ತೆ ನಡೆಯುತ್ತಿದ್ದರು. ಸಿದ್ದಗಂಗಮ್ಮ ತಂಗಿಯ ತೋಳು ಹಿಡಿದು ಕೇಳಿದರು, "ಎಲ್ಲಿದಾರೆ? ಹೋದ್ರಾ?"

"ಹೆದರ್ಕೊಂಡೇ ಹೋಗ್ತಿದಾರೆ ಅಕ್ಕ" ಎಂದರು ರುದ್ರಾಣಮ್ಮ. "ಆದ್ರೂ ಹೋಗ್ತಿದಾರೆ."