ಅಂಪೈರ್ ಮರಿಯಪ್ಪನೂ ಅರಗು ಹಾಕಿದ ಬೇಲ್ಸೂ

ಚನ್ನಪಟ್ಟಣದ ಮರಿಯಪ್ಪ ತನ್ನ ಮದುವೆಯ ದಿನ ತಾಳಿಯನ್ನು ಕಲ್ಲಿಗೆ ಉಜ್ಜಿ ನೋಡಿ ಆಮೇಲೆ ಕಟ್ಟಿದ ಎಂದು ಊರಿನಲ್ಲಿ ಒಂದು ಮಾತಿತ್ತು. ಅದು ಅಪ್ಪಟ ಸುಳ್ಳು. ಉಜ್ಜಿದ್ದು ಹಿಂದಿನ ದಿನ, ಅಕ್ಕಸಾಲಿಯ ಅಂಗಡಿಯಲ್ಲಿ. ಹಾಲಿನವಳು ಬಂದರೆ ಉಗುರಿನ ಮೇಲೆ ಒಂದು ಹನಿ ನಿಲ್ಲಿಸಿ, ಅದು ಜಾರದೆ ನಿಂತರೆ ಮಾತ್ರ ಚೊಂಬು ಒಡ್ಡುವನು. ಬೀದಿಯಲ್ಲಿ ಯಾರಾದರೂ ನಕ್ಕು ಮಾತನಾಡಿಸಿದರೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮನೆ ಮುಟ್ಟುವವರೆಗೂ ಯೋಚಿಸುವನು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಅವನಿಗೆ ಅಪ್ಪನಿಂದ ಬಂದ ಆಸ್ತಿ. ಹೆಂಡತಿ ದೊಡ್ಡಲಕ್ಷ್ಮಮ್ಮ ಮಾತ್ರ, ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ಬೇರೆ ಗಾದೆ ಹೇಳುತ್ತಿದ್ದಳು.

ಅವನ ಕಸುಬೂ ಅಂಥದ್ದೇ. ಮಾಗಡಿ, ಕನಕಪುರ, ಮರಳವಾಡಿ ಕಡೆಯ ಹಳ್ಳಿಗಳನ್ನು ಸುತ್ತಿ ರೇಷ್ಮೆ ಗೂಡು ಕೊಂಡು, ಚನ್ನಪಟ್ಟಣದಲ್ಲಿ ನೂಲು ತೆಗೆಯುವ ಮನೆಗಳಿಗೆ ತಂದು ಹಾಕುವುದು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಕಟಕಟ ಎನ್ನಬೇಕು. ಹುಳು ಕೊಳೆತು ಒಳಗೇ ಅಂಟಿಕೊಂಡಿದ್ದರೆ ಸದ್ದು ಬರುವುದಿಲ್ಲ. ಬೇರೆಯವರು ಬುಟ್ಟಿಗೆ ಹತ್ತು ಗೂಡು ಅಲ್ಲಾಡಿಸಿ ನೋಡಿದರೆ ಮರಿಯಪ್ಪ ನೂರು ಅಲ್ಲಾಡಿಸುತ್ತಿದ್ದ. ಅವನಿಗೆ ಮೋಸ ಮಾಡಿ ದಕ್ಕಿಸಿಕೊಂಡ ರೈತ ಸುತ್ತಮುತ್ತ ಇರಲಿಲ್ಲ.

ಇಂಥವನು ಕ್ರಿಕೆಟ್ ಕ್ಲಬ್ಬಿಗೆ ಬಂದದ್ದೇ ಒಂದು ಸೋಜಿಗ. ಹತ್ತೊಂಬೈನೂರ ಏಳರ ಸುಮಾರಿಗೆ ಒಬ್ಬ ಸ್ಟೇಷನ್ ಮಾಸ್ಟರು ವರ್ಗವಾಗಿ ಹೋಗುವಾಗ ಎರಡು ಬ್ಯಾಟು, ನಾಲ್ಕು ಚೆಂಡು, ನಿಯಮದ ಒಂದು ಪುಸ್ತಕ ಬಿಟ್ಟು ಹೋದರು. ಅದೇ ಬಂಡವಾಳದಲ್ಲಿ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಕ್ಲಬ್ಬು ಹುಟ್ಟಿತು. ರೇಷ್ಮೆ ನೂಲು ತೆಗೆಯುವವರು, ಬೊಂಬೆ ಮಾಡುವವರು, ಶಾಲೆಯ ಮೇಷ್ಟರು, ತಾಲ್ಲೂಕು ಕಚೇರಿಯ ಇಬ್ಬರು ಗುಮಾಸ್ತರು, ಎಲ್ಲರೂ ಸೇರಿದರು. ಆಟ ಶುರುವಾದ ವಾರಕ್ಕೇ ಔಟಾದವನು ಔಟಲ್ಲ ಎನ್ನುವ ಜಗಳವೂ ಶುರುವಾಯಿತು. ಯಾರನ್ನು ಅಂಪೈರ್ ಮಾಡಿದರೂ ಅವನು ಯಾರಿಗೋ ಭಾವ, ಯಾರಿಗೋ ಪಾಲುದಾರ. ಕೊನೆಗೆ ಮೇಷ್ಟರು, ಯಾರನ್ನೂ ನಂಬದವನು ಯಾರ ಪಕ್ಷವನ್ನೂ ವಹಿಸಲಾರ ಎಂದು ಮರಿಯಪ್ಪನ ಹೆಸರು ಎತ್ತಿದರು. ಅವನು ಬ್ಯಾಟು ಹಿಡಿದವನೇ ಅಲ್ಲ. ನಿಯಮದ ಪುಸ್ತಕವನ್ನು ಮೇಷ್ಟರಿಂದ ಕನ್ನಡದಲ್ಲಿ ಹೇಳಿಸಿಕೊಂಡ. ಆಮೇಲೆ ಗುಮಾಸ್ತರಿಂದ ಇನ್ನೊಮ್ಮೆ ಹೇಳಿಸಿಕೊಂಡು, ಇಬ್ಬರೂ ಹೇಳಿದ್ದು ಒಂದೇ ಎಂದು ಖಾತ್ರಿಯಾದ ಮೇಲೆ ಬಿಳಿ ಕೋಟು ತೊಟ್ಟುಕೊಂಡ.

ಆ ಕೋಟಿನ ಮೇಲೆ ಅವನಿಗೆ ಎಷ್ಟು ಅಭಿಮಾನವೆಂದರೆ ಹೆಂಡತಿಗೂ ಒಗೆಯಲು ಕೊಡುತ್ತಿರಲಿಲ್ಲ. ಅವನು ಬೆರಳೆತ್ತಿದರೆ ಔಟು, ಅಷ್ಟೇ. ಪಕ್ಕದ ಕ್ಲೋಸ್‌ಪೇಟೆಯವರು, ಅಂದರೆ ಇಂದಿನ ರಾಮನಗರದವರು, ರೈಲಿನಲ್ಲಿ ಆಡಲು ಬಂದಾಗ ತಮ್ಮ ಅಂಪೈರನ್ನು ಕರೆತರುವುದನ್ನೇ ಬಿಟ್ಟರು. ಆ ಅನುಮಾನದ ಪ್ರಾಣಿ ಇದ್ದಾನಲ್ಲ, ಸಾಕು ಎನ್ನುತ್ತಿದ್ದರು. ಮರಿಯಪ್ಪನ ಪಾಲಿಗೆ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ.

ಇಷ್ಟೆಲ್ಲ ಅನುಮಾನದ ನಡುವೆ ಅವನು ನಂಬುತ್ತಿದ್ದದ್ದು ಒಬ್ಬನನ್ನು. ಅವನು ಹಬೀಬ. ಹಾಲೆ ಮರ ಕಡೆದು ಬೊಂಬೆ ಮಾಡುವವನು, ಕ್ಲಬ್ಬಿನ ಒಳ್ಳೆಯ ಬೌಲರು, ವಯಸ್ಸಿನಲ್ಲಿ ಮರಿಯಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಆಟ ಮುಗಿದ ಮೇಲೆ ಇಬ್ಬರೂ ಬಯಲಿನ ಹುಣಸೆ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕುವರು. ಬೇರೆ ಯಾರು ವೀಳ್ಯದೆಲೆ ಕೊಟ್ಟರೂ ಮರಿಯಪ್ಪ ಹುಳ ಇದೆಯೋ ಎಂದು ಮಗುಚಿ ನೋಡುವನು. ಹಬೀಬ ಮಡಚಿ ಕೊಟ್ಟದ್ದನ್ನು ಹಾಗೇ ಬಾಯಿಗಿಡುವನು.

ಹತ್ತೊಂಬೈನೂರ ಹನ್ನೆರಡರಲ್ಲಿ ಕ್ಲಬ್ಬಿನ ಸ್ಟಂಪುಗಳಿಗೆ ಗೆದ್ದಲು ಹಿಡಿಯಿತು. ಹಬೀಬ ಹೊಸ ಸ್ಟಂಪು ಕಡೆದ. ಅವುಗಳ ಮೇಲೆ ಕೂರಿಸುವ ಪುಟ್ಟ ಕಡ್ಡಿಗಳನ್ನೂ, ಬೇಲ್ಸು ಎನ್ನುತ್ತಾರಲ್ಲ, ಅವನ್ನೂ ಕಡೆದ. ಚನ್ನಪಟ್ಟಣದವನ ಕೈ ಅಲ್ಲಿಗೆ ನಿಲ್ಲುತ್ತದೆಯೇ? ಬಣ್ಣ ಕಾಣದ ಮರ ಒಲೆಗೆ ಎಂದು ನಂಬಿದ ಬೀದಿ ಅದು. ತಿರುಗುವ ಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿ ಒತ್ತಿ, ಸ್ಟಂಪಿಗೆ ಹಳದಿ, ಬೇಲ್ಸಿಗೆ ಕೆಂಪು ಹಾಕಿ ಫಳಫಳ ಹೊಳೆಯಿಸಿಬಿಟ್ಟ. ಉಳಿದ ಅರಗಿನಲ್ಲಿ ದೊಡ್ಡಲಕ್ಷ್ಮಮ್ಮನಿಗೆಂದು ಒಂದು ಕುಂಕುಮದ ಭರಣಿಯನ್ನೂ ಮಾಡಿ ಕೊಟ್ಟ.

ಆ ಏಪ್ರಿಲಿನಲ್ಲಿ ಕ್ಲೋಸ್‌ಪೇಟೆಯವರು ಬಂದರು. ಬೆಳಿಗ್ಗೆ ಅವರು ಆಡಿದರು. ಬೇಲ್ಸು ಬೀಳಬೇಕಾದಾಗ ಬಿತ್ತು, ಯಾರದೂ ತಕರಾರಿಲ್ಲ. ಊಟದ ಮೇಲೆ ಮರಿಯಪ್ಪ ತನ್ನ ಕೈಯಾರೆ ಬೇಲ್ಸು ಕೂರಿಸಿದ. ಚನ್ನಪಟ್ಟಣದವರ ಸರದಿ. ನೆಲ ಕಾಲಿಡಲಾಗದಷ್ಟು ಕಾದಿತ್ತು. ಕೊನೆಯ ಜೋಡಿ ಆಡುತ್ತಿದ್ದಾಗ, ಗೆಲ್ಲಲು ಇನ್ನು ಒಂಬತ್ತು ರನ್ ಬೇಕಿದ್ದಾಗ, ಚೆಂಡು ಚನ್ನಪಟ್ಟಣದ ಶರೀಫನೆಂಬ ಹುಡುಗನ ಬ್ಯಾಟಿನ ಕೆಳಗೆ ನುಸುಳಿ ಸ್ಟಂಪಿಗೆ ಬಡಿಯಿತು. ಸ್ಟಂಪು ಅಲ್ಲಾಡಿದ್ದನ್ನು ಎಲ್ಲರೂ ನೋಡಿದರು. ಬೇಲ್ಸು ಬೀಳಲಿಲ್ಲ. ಬೇಲ್ಸು ಬೀಳದೆ ಔಟಿಲ್ಲ ಎಂದು ಪುಸ್ತಕ ಹೇಳುತ್ತದೆ. ಮರಿಯಪ್ಪ ಬೆರಳೆತ್ತಲಿಲ್ಲ. ಶರೀಫ ಉಳಿದ ಒಂಬತ್ತು ರನ್ನನ್ನೂ ಹೊಡೆದ.

ಕ್ಲೋಸ್‌ಪೇಟೆಯ ಕ್ಯಾಪ್ಟನ್ನು ಸುಮ್ಮನೆ ಹೋಗಲಿಲ್ಲ. ನೆಟ್ಟಗೆ ಬಂದು ಬೇಲ್ಸಿಗೆ ಕೈ ಹಾಕಿದ. ಅದು ಬರಲಿಲ್ಲ. ಕಿತ್ತಾಗ ಸ್ಟಂಪಿನ ತಲೆಯ ಹಳದಿ ಅರಗೂ ಚಕ್ಕೆಯಾಗಿ ಎದ್ದು ಬಂತು. ಬಯಲಿಗೆ ಬಯಲೇ ಹಬೀಬನ ಕಡೆ ತಿರುಗಿತು. ಅರಗು ಯಾರ ಕೈಯಲ್ಲಿ ಇರುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಹಬೀಬ ಬಂದು ಆ ಚಕ್ಕೆಯನ್ನು ಉಗುರಿನಿಂದ ಒತ್ತಿದ, ಮೂಗಿನ ಹತ್ತಿರ ಹಿಡಿದ. ಅವನ ಮುಖದ ರಕ್ತ ಇಳಿದುಹೋದದ್ದನ್ನು ಮರಿಯಪ್ಪ ಕಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಕಂಡಿತು ಅವನಿಗೆ. ಬಿಳಿ ಕೋಟು ತೊಟ್ಟವನು ಕೇಳಲೇಬೇಕಾಗಿತ್ತು.

"ಹಬೀಬ, ನೀನೇ ಅಂಟಿಸಿದ್ದಾ?"

ಹಬೀಬ ಚಕ್ಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ಹೂಂ ಕಣಣ್ಣ. ನಾನೇ ಅಂಟಿಸ್ದೆ. ಊಟಕ್ಕೆ ಹೋಗಿದ್ರಲ್ಲ, ಆಗ."

ಮರಿಯಪ್ಪ ಇನ್ನೊಂದು ಮಾತು ಕೇಳಲಿಲ್ಲ. ಆಟವನ್ನು ಕ್ಲೋಸ್‌ಪೇಟೆಗೆ ಕೊಟ್ಟ. ಹಬೀಬನ ಹೆಸರನ್ನು ಕ್ಲಬ್ಬಿನಿಂದ ಹೊಡೆದುಹಾಕಿಸಿದ. ಮನೆಗೆ ಬಂದವನೇ ಕುಂಕುಮದ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದ. ಹೆಂಡತಿ ಯಾಕೆಂದು ಕೇಳಿದ್ದಕ್ಕೆ, ನಂಬಿದವನೇ ಹಿಂಗೆ ಮಾಡಿದ ಮೇಲೆ ಮಿಕ್ಕವರ ಮಾತೇನು ಎಂದ. ಆವತ್ತು ಅವನು ಉಣ್ಣಲಿಲ್ಲ.

ಆಮೇಲಿನ ಎಂಟು ವರ್ಷ ಕ್ಲಬ್ಬಿನಲ್ಲಿ ಆಡಿದ್ದು ಕ್ರಿಕೆಟ್ಟೋ ಪೊಲೀಸು ತನಿಖೆಯೋ ಹೇಳುವುದು ಕಷ್ಟ. ಮರಿಯಪ್ಪ ಪ್ರತಿ ಓವರಿಗೂ ಬೇಲ್ಸು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಇಡುತ್ತಿದ್ದ. ಕನಕಪುರದವರು ತಮ್ಮ ಸ್ಟಂಪನ್ನು ತಾವೇ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಇವರು ಅವುಗಳ ಬುಡ ಮೂಸಿ ನೋಡಿದರು. ಮಾಗಡಿಯವರು ತಂದ ನೀರನ್ನು ಇವರು ಕುಡಿಯಲಿಲ್ಲ, ಇವರು ಕೊಟ್ಟ ಮಜ್ಜಿಗೆಯನ್ನು ಅವರು ಮುಟ್ಟಲಿಲ್ಲ. ಹಬೀಬ ಎಂಬ ಹೆಸರು ಒಂದು ಬೈಗುಳವಾಯಿತು. ಯಾರಾದರೂ ಆಟದಲ್ಲಿ ಮೋಸ ಮಾಡಿದರೆ, ಹಬೀಬನ ಅರಗು ಹಚ್ಚಿದ ಎನ್ನುತ್ತಿದ್ದರು. ಮರಿಯಪ್ಪ ಬೊಂಬೆ ಮಾಡುವವರ ಬೀದಿಯನ್ನೇ ಬಿಟ್ಟು, ಸುತ್ತಿ ಬಳಸಿ ಪೇಟೆಗೆ ಹೋಗುತ್ತಿದ್ದ.

ಇಪ್ಪತ್ತನೆಯ ಇಸವಿಯ ಬೇಸಿಗೆಯಲ್ಲಿ ದೊಡ್ಡಲಕ್ಷ್ಮಮ್ಮ ಮನೆಯ ಹೆಂಚು ತೆಗೆಸಿದಳು. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂತು, ಭರಣಿಯೂ ಬಂತು. ಬೆಳಿಗ್ಗೆ ಅವಳು ಅದನ್ನು ತೆರೆದು, ಎಷ್ಟು ಚೆನ್ನಾಗಿದೆ ಎಂದು ಮುಚ್ಚಿ ಬಿಸಿಲು ಬೀಳುವ ಕಟ್ಟೆಯ ಮೇಲಿಟ್ಟಳು. ಮಧ್ಯಾಹ್ನ ತೆರೆಯಲು ಹೋದರೆ ಮುಚ್ಚಳ ಬರಲಿಲ್ಲ. ಗಂಡನ ಕೈಗೆ ಕೊಟ್ಟಳು. ಮರಿಯಪ್ಪ ಎಳೆದ, ತಿರುಚಿದ. ಕೊನೆಗೆ ಕಿತ್ತು ಬಂದಾಗ ಅರಗು ಚಕ್ಕೆಯಾಗಿ ಎದ್ದಿತು. ಕೆಂಪು ಚಕ್ಕೆ.

ಎಂಟು ವರ್ಷದ ಹಿಂದೆ ಸ್ಟಂಪಿನ ತಲೆಯಿಂದ ಎದ್ದದ್ದೂ ಹೀಗೇ. ಆದರೆ ಮರಿಯಪ್ಪ ಒಂದು ಸಲ ಕಂಡದ್ದನ್ನು ನಂಬುವವನೇ? ಮಾರನೆಯ ದಿನ ಭರಣಿಯನ್ನು ಬಿಸಿಲಿಗಿಟ್ಟ, ಪಕ್ಕದಲ್ಲಿ ಮಗಳು ಬೊಂಬೆ ಇಡುವ, ಬೇರೆ ಅರಗು ಹಾಕಿದ ಡಬ್ಬಿಯೊಂದನ್ನೂ ಇಟ್ಟ. ಮೂರು ದಿನ ಹೀಗೇ ಮಾಡಿದ. ಡಬ್ಬಿಗೆ ಏನೂ ಆಗಲಿಲ್ಲ. ಭರಣಿ ಬೆಳಿಗ್ಗೆ ತೆರೆಯಿತು, ಮಧ್ಯಾಹ್ನ ಮೂರೂ ದಿನ ಅಂಟಿಕೊಂಡಿತು. ಆ ಅರಗಿನಲ್ಲೇ ಏನೋ ಐಬಿತ್ತು. ಬೇಲ್ಸನ್ನು ಅಂಟಿಸಿದ್ದು ಬಿಸಿಲು. ಹಾಗಾದರೆ ಹಬೀಬ ಯಾಕೆ ಒಪ್ಪಿಕೊಂಡ? ನಾಲ್ಕನೆಯ ದಿನ ಅವನು ಭರಣಿಯನ್ನು ಪಂಚೆಯ ಮಡಿಲಿಗೆ ಹಾಕಿಕೊಂಡು, ಎಂಟು ವರ್ಷ ತುಳಿಯದ ಬೀದಿಗೆ ಹೋದ.

ಹಬೀಬ ಜಗಲಿಯ ಮೇಲೆ ಮರ ಕಡೆಯುತ್ತಿದ್ದ. ಒಳಗೆ ಕೆಂಡದ ಮುಂದೆ ಅವನ ತಾಯಿ ರೋಶನ್ ಬೀ ಅರಗನ್ನು ಎಳೆದು ನಾದಿ ಬಣ್ಣದ ಕಡ್ಡಿ ಮಾಡುತ್ತಿದ್ದಳು. ಗಂಡ ಸತ್ತ ಮೇಲೆ ಅವಳು ಮಕ್ಕಳನ್ನು ಸಾಕಿದ್ದು ಆ ಕಡ್ಡಿಗಳಿಂದಲೇ. ಬೀದಿಯ ಅರ್ಧ ಮನೆಗಳು ಅವಳ ಕಡ್ಡಿಯನ್ನೇ ಕೊಳ್ಳುತ್ತಿದ್ದವು. ಮರಿಯಪ್ಪ ಭರಣಿಯನ್ನು ಹಬೀಬನ ಮುಂದಿಟ್ಟ. ಹಬೀಬ ಅದನ್ನೂ ಅವನ ಮುಖವನ್ನೂ ನೋಡಿ, ಒಳಗೆ ಕೇಳಿಸದ ಹಾಗೆ ಮಾತನಾಡಿದ.

"ನಮ್ಮಮ್ಮನ ಕಣ್ಣು ಆ ವರ್ಸನೇ ಮಂಜಾಗಿತ್ತು ಕಣಣ್ಣ. ಯಾರ್ಗೂ ಹೇಳಿರ್ನಿಲ್ಲ. ಆ ಸಲದ ಅರಗಿಗೆ ಒಂದು ಹಿಡಿ ರಾಳ ಹಾಕೋ ಕಡೆ ಮೂರು ಹಿಡಿ ಹಾಕ್ಬುಟ್ಟವ್ಳೆ, ಅದಕ್ಕೇ ಬಿಸ್ಲಿಗೆ ಮೆತ್ತಗಾಗಿ ಅಂಟ್ಕಂಡೈತೆ. ಬಯಲಲ್ಲಿ ಮೂಸಿ ನೋಡ್ದಾಗ್ಲೇ ನಂಗೆ ಗೊತ್ತಾಗಿದ್ದು. ಅರಗು ಕೆಟ್ಟೈತೆ ಅಂದಿದ್ರೆ ಮಾರ್ನೆ ದಿನದಿಂದ ಅವ್ಳ ಕಡ್ಡಿ ಯಾರ್ ತಕ್ಕೊಳ್ಳೋರು? ಕೆಲ್ಸ ಹೋದ್ರೆ ಅವ್ಳೂ ಹೋಗ್ಬುಡ್ತಿದ್ಲು. ನನ್ದು ಆಟ ತಾನೆ, ಹೋದ್ರೆ ಹೋಗ್ಲಿ ಅಂದ್ಕಂಡೆ."

ಆವತ್ತಿನಿಂದ ರಾಳವನ್ನು ತಾನೇ ಅಳೆದು ಅವಳ ಕೈಗೆ ಕೊಡುತ್ತಿದ್ದಾನಂತೆ, ಅವಳಿಗೆ ಗೊತ್ತಾಗದ ಹಾಗೆ. ಮರಿಯಪ್ಪ ಈಗಲೇ ಕ್ಲಬ್ಬಿನಲ್ಲಿ ಇದನ್ನು ಹೇಳುತ್ತೇನೆ ಎಂದ. ಬೇಡ, ಅವಳು ಇನ್ನೂ ಬದುಕಿದ್ದಾಳೆ ಎಂದ ಹಬೀಬ. ಅಷ್ಟರಲ್ಲಿ ರೋಶನ್ ಬೀ ದನಿಯಿಂದಲೇ ಗುರುತು ಹಿಡಿದು ಒಳಗೆ ಕರೆದಳು.

"ಮರಿಯಪ್ಪನಾ? ಎಷ್ಟು ವರ್ಸ ಆಯ್ತಪ್ಪ ನೀನು ಈ ಕಡೆ ಬಂದು. ನೀನು ಎಲ್ಲಾನೂ ಪರೀಕ್ಷೆ ಮಾಡೋನಲ್ವಾ, ನೋಡು, ಹೆಂಗೈತೆ ನನ್ನ ಅರಗು?"

ಮರಿಯಪ್ಪ ಬೆಚ್ಚಗಿನ ಕಡ್ಡಿಯನ್ನು ಕೈಗೆ ತೆಗೆದುಕೊಂಡ. ಉಗುರು ಒತ್ತಲಿಲ್ಲ, ಮೂಸಲಿಲ್ಲ. "ಚಿನ್ನದಂಗೈತೆ ಕಣಮ್ಮ" ಎಂದ.

ಮನೆಗೆ ಬರುವ ದಾರಿಯುದ್ದಕ್ಕೂ ಅವನನ್ನು ಒಂದೇ ಯೋಚನೆ ತಿಂದಿತು. ಹಾಲು, ಚಿನ್ನ, ಗೂಡು, ಎಲೆ, ಲೋಕದಲ್ಲಿ ಇದ್ದದ್ದನ್ನೆಲ್ಲ ಪರಾಂಬರಿಸಿ ನೋಡಿದ್ದ. ಜೀವಮಾನದಲ್ಲಿ ಒಂದೇ ಒಂದು ಮಾತನ್ನು ಪರೀಕ್ಷೆ ಮಾಡದೆ ನಂಬಿದ್ದ. ಅದೇ ಸುಳ್ಳಾಗಿತ್ತು. ನಾಚಿಕೆಯಿಂದ ಅವನಿಗೆ ಅಳು ಬಂತು.

ಮುಂದಿನ ಭಾನುವಾರ ಕ್ಲೋಸ್‌ಪೇಟೆಯವರು ಆಡಲು ಬಂದಿದ್ದರು. ಮರಿಯಪ್ಪ ಹಬೀಬನನ್ನು ಒತ್ತಾಯ ಮಾಡಿ ಕರೆತಂದು ಹುಣಸೆ ಮರದ ಕೆಳಗೆ ಕೂರಿಸಿದ. ಈಗ ಚನ್ನಪಟ್ಟಣದ ಕ್ಯಾಪ್ಟನ್ನಾಗಿದ್ದ ಶರೀಫ ಮುಖ ಗಂಟಿಕ್ಕಿಕೊಂಡು ಬಂದು, ಇವನನ್ನು ಯಾಕೆ ಕರೆತಂದೆ ಎಂದು ಕೇಳಿದ. ಎರಡೂ ಕಡೆಯವರು ಸುತ್ತ ನೆರೆದರು. ಮರಿಯಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಆವತ್ತು ಬೇಲ್ಸ್ ಅಂಟಿಸಿದ್ದು ಹಬೀಬ ಅಲ್ಲ, ನಾನು. ಊಟ ಆದ್ಮೇಲೆ ನನ್ನ ಕೈಲೇ ಮಡಗಿದ್ನಲ್ಲ, ಆಗ. ನನ್ನ ಮಾನ ಉಳಿಸಕೆ ಅವ್ನು ತಾನು ಅಂತ ಒಪ್ಕಂಡ."

ಹಬೀಬ ಏಳಲು ಹೋದ. ಮರಿಯಪ್ಪ ಅವನ ಭುಜ ಒತ್ತಿ ಕೂರಿಸಿದ.

ಇಷ್ಟು ವರ್ಷ ತಾನು ಎಂಥವನು ಎಂದು ಇವರೆಲ್ಲ ಬಲ್ಲರು, ಒಬ್ಬನಾದರೂ ಇದು ನಿಜವೇನಯ್ಯ ಎಂದು ಕೇಳಿಯಾನು ಎಂದು ಮರಿಯಪ್ಪ ಕಾದ. ಮೇಷ್ಟರು ಮುಖ ತಿರುಗಿಸಿದರು. ಕ್ಲೋಸ್‌ಪೇಟೆಯ ಒಬ್ಬ ಪಕ್ಕದವನಿಗೆ, ನಂಗೆ ಆವತ್ತೇ ಅನುಮಾನ ಇತ್ತು ಕಣ್ಲಾ ಎಂದ. ಶರೀಫ ಬಂದು ಬಿಳಿ ಕೋಟಿಗೆ ಕೈ ಚಾಚಿದ. ಮರಿಯಪ್ಪ ಬಿಚ್ಚಿ ಕೊಟ್ಟ. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆಟ ಶುರುವಾಯಿತು. ಬರಿ ಅಂಗಿಯಲ್ಲಿ ಮರಿಯಪ್ಪ ಮರದ ಕೆಳಗೆ ಕೂತ. ಹಬೀಬ ಸಂಚಿ ಬಿಚ್ಚಿ, ಸುಣ್ಣ ಹಚ್ಚಿ, ಎಲೆ ಮಡಚಿ ಕೊಟ್ಟ. ಮರಿಯಪ್ಪ ಮಗುಚಿ ನೋಡದೆ ಬಾಯಿಗಿಟ್ಟುಕೊಂಡ.