ಕೆಂಪು ಬಾಲದ ಇಲಿಗಳು

ನಮ್ಮವ್ವನ ಸೊಪ್ಪಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಗುಣ ಹೋಗುತ್ತದಂತೆ. ಸೂರ್ಯ ಹುಟ್ಟುವ ಮುಂಚೆ ಕಿತ್ತು, ಅರೆದು, ಕುಡಿಯುವವರನ್ನು ಮೂಡಲಿಗೆ ಮುಖ ಮಾಡಿ ನಿಲ್ಲಿಸಬೇಕು. ಕೊಡುವವರೂ ಕುಡಿಯುವವರೂ ಪಿಟ್ಟೆನ್ನಬಾರದು. ಚಾಮರಾಜನಗರದ ಕಾಲೇಜೊಂದರಲ್ಲಿ ಔಷಧಗಳ ಪಾಠ ಹೇಳುವ ನನಗೆ ಈ ನಿಯಮಗಳೆಲ್ಲ ಬಾಯಿಪಾಠ. ಬೇಗೂರಿನ ಮನೆಯಲ್ಲಿ ಫಿಟ್ಸ್ ಬರುವ ತಂಗಿಯೊಬ್ಬಳಿದ್ದರೆ ಯಾರಿಗೆ ತಾನೇ ಬಾಯಿಪಾಠ ಆಗುವುದಿಲ್ಲ ಹೇಳಿ?

ಅದೇ ಸೊಪ್ಪಿನಲ್ಲಿ ಫಿಟ್ಸ್ ತಡೆಯುವ ಶಕ್ತಿ ಇದೆಯೇ ಎಂದು ಇಲಿಗಳ ಮೇಲೆ ಪರೀಕ್ಷೆ ಮಾಡಲು ಹೊರಟಾಗ ಮೊದಲ ಜಗಳ ಹೆಸರಿನ ಮೇಲೇ ಆಯಿತು. ಗಿಡವನ್ನು ಗುರುತಿಸಿ ಹೆಸರು ಬರೆಸದೆ ನಮ್ಮಲ್ಲಿ ಒಂದು ಹನಿ ರಸವೂ ಮುಂದೆ ಹೋಗದು. ಸಸ್ಯಶಾಸ್ತ್ರದ ಮೇಷ್ಟರಿಂದ ಬರೆಸಿಕೊಂಡೂ ಬಂದೆ.

"ಎಸ್ರು ಏಳ್ಬುಟ್ಯಾ?" ಎಂದು ಅವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು. ನಾನು ಆ ಲ್ಯಾಟಿನ್ ಹೆಸರನ್ನು ಜೋರಾಗಿ ಓದಿದೆ. ಅವ್ವ ಕಿವಿಗೊಟ್ಟು ಕೇಳಿ, "ಇದಾ? ಇದು ಅದ್ರ ಎಸ್ರೇ ಅಲ್ಲ ಬುಡು," ಎಂದು ನಿರಾಳವಾಗಿ ಒಳಗೆ ಹೋದಳು.

ತಂಗಿ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದರೆ ಫಿಟ್ಸ್ ಹತ್ತಿರ ಸುಳಿಯುವುದಿಲ್ಲ. ಆದರೆ ತೂಕಡಿಕೆ ಬರುತ್ತದೆಂದು ಅವಳ ಗೊಣಗಾಟ. ಒಂದು ಭಾನುವಾರ ಊರಿಗೆ ಹೋದರೆ ಅವಳ ಹುಬ್ಬಿನ ಮೇಲೆ ಬ್ಯಾಂಡೇಜು!

"ಫಿಟ್ಸ್ ಬಂದು ಮಿಷನ್ ಮೇಲೆ ಬಿದ್ಬುಟ್ಟೆ ಕಣಕ್ಕ," ಎಂದಳು, ಏನೋ ಸಣ್ಣ ವಿಷಯ ಎಂಬಂತೆ.

ನೋಡಿದರೆ ಮಾತ್ರೆಯ ಪಟ್ಟಿ ಗೂಡಿನಲ್ಲಿ ಧೂಳು ತಿನ್ನುತ್ತಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಅವ್ವ ಮಾತ್ರ ಕೊಂಚವೂ ಅಳುಕಲಿಲ್ಲ.

"ನಾನೇ ಬುಡ್ಸಿದ್ದು. ನಿಮ್ ಕಾಲೇಜ್ನೋರೇ ನಮ್ ಸೊಪ್ಪ ಒಪ್ಕಂಡವ್ರಲ್ಲ, ಇನ್ಯಾಕಮ್ಮಿ ಮಾತ್ರೆ?"

"ಅಯ್ಯೋ, ಒಪ್ಪಿಲ್ಲ ಕಣವ್ವ, ಪರೀಕ್ಷೆ ಮಾಡ್ತಾವ್ರೆ! ಪರೀಕ್ಷೆಗೆ ಕುಂತೋರೆಲ್ಲ ಪಾಸಾಗ್ಬುಟ್ರಾ?"

"ನಮ್ ಸೊಪ್ಪು ಫೇಲಾಗಾಕಿಲ್ಲ."

ಮಾತ್ರೆಯನ್ನು ಹೀಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು, ಜೀವಕ್ಕೇ ಕುತ್ತು ಎಂದು ಗಂಟಲು ಹರಿಯುವಂತೆ ಕೂಗಿದೆ. ಅವ್ವ ಅವರೆಕಾಯಿ ಸುಲಿಯುತ್ತಲೇ ಇದ್ದಳು. ನನಗೆ ನಿಜಕ್ಕೂ ಭಯವಾಯಿತು. ತಂಗಿ ಅವ್ವನ ಮಾತು ಮೀರುವವಳಲ್ಲ. ಅವ್ವ ಯಾರ ಮಾತೂ ಕೇಳುವವಳಲ್ಲ.

ಪುಣ್ಯಕ್ಕೆ ಮೊದಲ ಸುತ್ತಿನ ಪರೀಕ್ಷೆ ಆ ವಾರವಷ್ಟೇ ಮುಗಿದಿತ್ತು. ಒಂದು ಗುಂಪಿನ ಇಲಿಗಳಿಗೆ ಬರೀ ನೀರು, ಇನ್ನೊಂದಕ್ಕೆ ಸೊಪ್ಪಿನ ರಸ, ಮತ್ತೊಂದಕ್ಕೆ ಆಸ್ಪತ್ರೆಯ ಮಾತ್ರೆಯ ಔಷಧ ಕೊಟ್ಟು, ಆಮೇಲೆ ಫಿಟ್ಸ್ ಬರಿಸುವ ಇಂಜೆಕ್ಷನ್ ಹಾಕಿ ವಿಡಿಯೊ ಮಾಡುತ್ತೇವೆ. ಗುರುತಿಗೆ ಬಾಲಕ್ಕೆ ಬಣ್ಣ. ಯಾವ ಬಣ್ಣಕ್ಕೆ ಏನು ಕೊಟ್ಟಿದೆಯೆಂದು ಗೊತ್ತಿಲ್ಲದವರೇ ವಿಡಿಯೊ ನೋಡಿ ಅಂಕ ಹಾಕಬೇಕು. ಗೊತ್ತಿದ್ದವರು ತಮಗೆ ಬೇಕಾದ ಇಲಿಯ ಪರ ವಹಿಸುತ್ತಾರೆ. ನಮ್ಮವ್ವನಂಥವರಿಗಾಗಿಯೇ ಮಾಡಿದ ಕ್ರಮ ಅದು. ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ, ಆ ವಿಡಿಯೊ ಅವ್ವನಿಗೆ ತೋರಿಸಲೇ ಎಂದು ಕೇಳಿದೆ. ಅವರು ನಕ್ಕು, "ತೋರಿಸಿ, ತೋರಿಸಿ," ಎಂದರು.

"ಯಾವ ಇಲಿ ನಿನ್ ಸೊಪ್ಪು ಕುಡ್ದದೆ, ನೀನೇ ಏಳವ್ವ," ಎಂದು ಫೋನನ್ನು ಅವ್ವನ ಕೈಗಿಟ್ಟೆ. ಅವ್ವ ಕನ್ನಡಕ ಒರೆಸಿ ಹಾಕಿಕೊಂಡಳು.

ನೀಲಿ ಬಾಲದ ಇಲಿ ಅದುರತೊಡಗಿದ್ದೇ ತಡ, "ಅಯ್ಯೋ ನನ್ ಕಂದ!" ಎಂದವಳೇ ಸೊಂಟದ ಬೀಗದಕೈ ಗೊಂಚಲು ಎಳೆದು ಫೋನಿನ ಗಾಜಿನ ಮೇಲೆ ಒತ್ತಿ ಹಿಡಿದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆಯ ರೂಢಿ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ಸಿಟ್ಟು ಮರೆತುಹೋಯಿತು.

ಹಳದಿ ಬಾಲದವು ಸ್ವಲ್ಪ ಹೊತ್ತು ತಡೆದುಕೊಂಡವು. ಕೊನೆಗೆ ಅವೂ ಬಿದ್ದವು. ಕೆಂಪು ಬಾಲದವು ಮಾತ್ರ ತಮಗೇನೂ ಆಗಿಲ್ಲವೆಂಬಂತೆ ಮೂಲೆ ಮೂಲೆ ಮೂಸುತ್ತ ಓಡಾಡಿಕೊಂಡಿದ್ದವು. ಅವ್ವನ ಮುಖ ಅರಳಿತು.

"ಕೆಂಪು ಬಾಲದವೇ ಕಣಮ್ಮಿ ನಮ್ ಸೊಪ್ಪು ಕುಡ್ದಿರವು! ನೋಡು, ಎಂಗೆ ಮೊಕ ತೊಳ್ಕಂಡು ಕುಂತವೆ!"

"ಅವು ಕುಡ್ದಿರದು ಇವಳ ಮಾತ್ರೆ ಕಣವ್ವ. ಸೊಪ್ಪು ಕುಡ್ದಿದ್ದು ಅಳದಿ ಬಾಲದವು."

ಅವ್ವ ಹಳದಿ ಬಾಲದ ಇಲಿಗಳನ್ನೇ ಮತ್ತೆ ಹಾಕಿಸಿಕೊಂಡು ಕೊನೆಯವರೆಗೂ ನೋಡಿದಳು. "ತಡ್ವಾಗಿ ಬಂತಲ್ವಾ? ವಸಿ ಗುಣ ಅದೆ," ಎಂದಳು, ಮೆಲ್ಲಗೆ.

"ಅದೆ ಕಣವ್ವ. ಅದಕ್ಕೇ ಇನ್ನೂ ಪರೀಕ್ಷೆ ಮಾಡ್ತೀವಿ. ಮಾತ್ರೆ ಬುಡ್ಸೋ ಅಷ್ಟಿಲ್ಲ."

ಆಗ ಅವ್ವ ತಂಗಿಯ ಹುಬ್ಬಿನ ಬ್ಯಾಂಡೇಜು ಮುಟ್ಟಿದಳು. ಕಣ್ಣು ತುಂಬಿಬಂತು. "ನಾನೇ ಬೀಳ್ಸ್ಬುಟ್ನಲ್ಲಮ್ಮಿ."

"ಬುಡವ್ವ, ಮಿಷನ್‌ಗೇನೂ ಆಗ್ಲಿಲ್ಲ," ಎಂದಳು ತಂಗಿ. ಅವ್ವ ಅಳುತ್ತಲೇ ಅವಳ ತಲೆಗೊಂದು ಮೊಟಕಿದಳು.

ಮರುದಿನ ಮೂವರೂ ಗುಂಡ್ಲುಪೇಟೆಯ ಡಾಕ್ಟರ ಹತ್ತಿರ ಹೋದೆವು. ಅವರು ಚೆನ್ನಾಗಿ ಬೈದು, ತೂಕಡಿಕೆ ಕಡಿಮೆಯಾಗುವಂತೆ ಹೊತ್ತು ಹೊಂದಿಸಿ ಮತ್ತೆ ಮಾತ್ರೆ ಶುರುಮಾಡಿಸಿದರು.

ಮುಂದಿನ ಸಲ ಊರಿಗೆ ಹೋದಾಗ ಬೆಳಗಿನ ಜಾವ ಬೀಗದಕೈ ಸದ್ದಿಗೆ ಎಚ್ಚರವಾಯಿತು. ಎದ್ದು ನೋಡಿದರೆ ಅಂಗಳದಲ್ಲಿ ತಂಗಿ ಅರೆಗಣ್ಣು ಬಿಟ್ಟುಕೊಂಡು ಮೂಡಲಿಗೆ ಮುಖ ಮಾಡಿ ನಿಂತಿದ್ದಾಳೆ. ಅವ್ವನ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ಇಬ್ಬರೂ ತುಟಿ ಬಿಚ್ಚುತ್ತಿಲ್ಲ.

ನಾನು ಬೇಕೆಂದೇ, "ಯಾವ್ ಮಾತ್ರೆ ಅವ್ವ ಅದು? ಎಸ್ರೇನು?" ಎಂದೆ.

ಅವ್ವ ಕಣ್ಣಲ್ಲೇ ಸುಟ್ಟುಬಿಟ್ಟಳು. ತಂಗಿ ನುಂಗಿ ನೀರು ಕುಡಿದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಎಸ್ರು ಏಳ್ಸಕ್ ಬತ್ತೀಯಾ? ಗುಣ ಓದ್ರೆ ನೀನ್ ತಂದ್ಕೊಟ್ಟೀಯಾ?"

ಅಂದಿನಿಂದ ತಂಗಿಗೆ ಒಂದು ಹೊತ್ತಿನ ಮಾತ್ರೆಯೂ ತಪ್ಪಿಲ್ಲ. ಆ ಮಾತ್ರೆಯ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ.